ಪರದೇಶದ ಲಗ್ನಕ್ಕೆ ಸಾಕ್ಷಿ ಯಾರು?

ಹಿರೇಹಂದಿಗೋಳದ ನಮ್ಮ ಮನೆಯಲ್ಲಿ ಒಂದು ಹಳೆಯ ಟ್ರಂಕು ಉಂಟು. ಹೊಲದ ಉತಾರಗಳು, ಕಂದಾಯದ ಪಾವತಿಗಳು, ಸೊಸಾಯಿಟಿಯ ಸಾಲ ತೀರಿದ ಚೀಟಿಗಳು, ಇವುಗಳ ನಡುವೆ ಕೆಂಪು ಅರಿವೆಯಲ್ಲಿ ಸುತ್ತಿಟ್ಟ ಒಂದು ವಹಿ ಇರುವದು. ೧೯೭೧ನೆಯ ಇಸವಿಯ ವೈಶಾಖದಲ್ಲಿ ನಡೆದ ನಮ್ಮ ಲಗ್ನದ ಆಯೇರಿನ ವಹಿ ಅದು. ಯಾರು ಎರಡು ರೂಪಾಯಿ ಆಯೇರು ಮಾಡಿದರು, ಯಾರು ಗುಳೇದಗುಡ್ಡದ ಖಣ ತಂದರು, ಬೀಗರ ಕಡೆಯಿಂದ ಎಷ್ಟು ಧೋತರ ಬಂದವು ಎಂಬುದೆಲ್ಲ ನಮ್ಮ ಕಾಕಾ ಅವರ ದುಂಡನೆಯ ಅಕ್ಷರಗಳಲ್ಲಿ ಅದರೊಳಗೆ ಬರೆದಿರುವದು. ನಮ್ಮ ಲಗ್ನಕ್ಕೆ ಸರಕಾರದ ಕಾಗದವೆಂಬುದು ಇಲ್ಲ. ಇದ್ದ ಕಾಗದವೆಂದರೆ ಅದೊಂದೇ ವಹಿ.

ಬೇರೊಂದು ಕಾಗದ ಬೇಕೆಂದು ನಮಗೆ ಎಂದೂ ಅನಿಸಲಿಲ್ಲ. ಹಂದರಕ್ಕೆ ಗಳ ಕೊಟ್ಟವರು, ಸುರಗಿಯ ನೀರು ಹೊತ್ತು ತಂದವರು, ಅಕ್ಕಿಕಾಳು ಹಾಕಿ ಹರಸಿದವರು, ಉಂಡು ಎದ್ದ ಮೇಲೆ ಸಾರಿನಲ್ಲಿ ಉಪ್ಪು ಹೆಚ್ಚಾಯಿತೆಂದು ನುಡಿದವರು, ಇವರೆಲ್ಲರೂ ನಮ್ಮ ಸಾಕ್ಷಿಗಳೇ. ನಮ್ಮ ಮನೆಯವರು ನಮಗೆ ಏನಾಗಬೇಕೆಂದು ಯಾವ ಅಧಿಕಾರಿಯು ಕೇಳಿದರೂ ಊರ ಅಗಸೆಯಲ್ಲಿ ಕುಳಿತ ಯಾರಾದರೂ ಉತ್ತರ ಹೇಳುತ್ತಿದ್ದರು. ಕಾಯ್ದೆಗಳು ಇರಲಿಲ್ಲವೆಂದಲ್ಲ. ನಮ್ಮ ಗದಗ ಸೀಮೆಯು ಧಾರವಾಡ ಜಿಲ್ಲೆಯೊಳಗೆ, ಆ ಜಿಲ್ಲೆಯು ಮುಂಬಯಿ ರಾಜ್ಯದೊಳಗೆ ಇದ್ದಾಗಲೇ, ೧೯೫೩ರಲ್ಲಿ, ಆ ರಾಜ್ಯವು ಮದುವೆಗಳ ನೋಂದಣಿಗಾಗಿ ಒಂದು ಕಾಯ್ದೆಯನ್ನು ಮಾಡಿತ್ತು. ಮುಂದೆ ಕರ್ನಾಟಕದ್ದೇ ಆದ ೧೯೭೬ರ ಕಾಯ್ದೆಯು ಬಂದಿತು. ೨೦೦೬ನೆಯ ಫೆಬ್ರುವರಿಯಲ್ಲಿ ಸುಪ್ರೀಮ್ ಕೋರ್ಟು, ಮದುವೆ ಯಾವ ಧರ್ಮದವರದೇ ಇರಲಿ, ಅದು ನಡೆದ ರಾಜ್ಯದಲ್ಲಿ ಅದರ ನೋಂದಣಿಯನ್ನು ಕಡ್ಡಾಯ ಮಾಡಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿತು. ಇವನ್ನೆಲ್ಲ ಪತ್ರಿಕೆಗಳಲ್ಲಿ ಓದಿ ಮಡಿಚಿಟ್ಟೆವು. ನೋಂದಣಿಯಾಗದ ಮಾತ್ರಕ್ಕೆ ಮದುವೆ ಕೆಡುವದಿಲ್ಲವೆಂದು ೧೯೫೫ರ ಹಿಂದೂ ವಿವಾಹ ಕಾಯ್ದೆಯೇ ಹೇಳುವದರಿಂದ ನಮ್ಮ ಉದಾಸೀನಕ್ಕೆ ಒಂದು ಆಧಾರವೂ ಸಿಕ್ಕಿತು.

ಆದರೆ ಲಗ್ನವು ಊರನ್ನು ಬಿಟ್ಟು ಸಮುದ್ರ ದಾಟಿ ಹೋದಾಗ ಈ ಉದಾಸೀನವು ಎಷ್ಟು ಬೆಲೆ ತೆಗೆದುಕೊಳ್ಳುವದೆಂಬುದನ್ನು ನಾವು ಮನೆಯೊಳಗೇ ಕಂಡೆವು. ಅದನ್ನು ಹೇಳಿಕೊಳ್ಳಲು ಸಂಕೋಚವೆನಿಸುವದು. ಆದರೂ ಇಂದು ಗದಗ-ಬೆಟಗೇರಿಯಲ್ಲಾಗಲಿ ಸುತ್ತಣ ಹಳ್ಳಿಗಳಲ್ಲಾಗಲಿ ಹೊರದೇಶದಲ್ಲಿ ಮಕ್ಕಳಿರುವ ಮನೆಗಳು ಅನೇಕವಾಗಿರುವದರಿಂದ, ನಮ್ಮ ತಪ್ಪು ಇನ್ನೊಬ್ಬರಿಗೆ ಪಾಠವಾಗಲೆಂದು ಬರೆಯುತ್ತಿರುವೆವು.

ನಮ್ಮ ತಂಗಿಯ ಮಗಳು ದಾದಿಯ ಕೆಲಸ ಕಲಿತು ಇಂಗ್ಲಂಡಕ್ಕೆ ಹೋದಳು. ಅಲ್ಲಿ ನಮ್ಮ ಕಡೆಯವನೇ ಆದ ಒಬ್ಬ ಇಂಜಿನಿಯರನನ್ನು ಮೆಚ್ಚಿದಳು. ಎರಡೂ ಮನೆಯವರು ಒಪ್ಪಿದರು. ಇಬ್ಬರಿಗೂ ರಜೆ ಕೂಡಿ ಸಿಕ್ಕದ್ದರಿಂದ ೨೦೧೧ರ ಬೇಸಗೆಯಲ್ಲಿ ಲಂಡನ್ನಿನಲ್ಲಿಯೇ ಲಗ್ನ ಮಾಡುವದೆಂದು ನಿಶ್ಚಯವಾಯಿತು. ತಂಗಿಯೂ ಅವಳ ಯಜಮಾನರೂ ಹೋದರು. ನಾವು ಸೋದರಮಾವನಾದರೂ ಪಾಸಪೋರ್ಟು ಇಲ್ಲದ್ದರಿಂದ ಗದಗಿನಲ್ಲಿ ಮಗನ ಮನೆಯಲ್ಲಿ ಕುಳಿತು ಗಣಕಯಂತ್ರದ ಪರದೆಯ ಮೇಲೆ ನೋಡಿದೆವು. ಬಾಡಿಗೆಯ ಒಂದು ಸಭಾಗೃಹ, ಅಲ್ಲಿಯೇ ನೆಲೆಸಿದ ಒಬ್ಬ ಜಂಗಮರು, ಬಾಸಿಂಗ, ದಂಡೆ, ಅರಿಷಿಣ, ತಾಳಿ, ಎಲ್ಲವೂ ಕ್ರಮಬದ್ಧವಾಗಿ ನಡೆಯಿತು. ನಾವು ಪರದೆಯ ಈಚೆಯಿಂದ ಅಕ್ಕಿಕಾಳು ಹಾಕಿದೆವು. ಅವು ಮೇಜಿನ ಮೇಲೆ ಬಿದ್ದವು. ಎಲ್ಲರೂ ನಕ್ಕೆವು.

ಅಲ್ಲಿಯ ಕಚೇರಿಯಲ್ಲಿ ಹೆಸರು ಬರೆಯಿಸುವ ಕೆಲಸ ಮಾತ್ರ ಉಳಿಯಿತು. ಇಬ್ಬರಿಗೂ ಅವರವರ ನೌಕರಿಯ ಮೇಲೆಯೇ ವೀಸಾ ಇದ್ದುದರಿಂದ ಅವಸರವಿರಲಿಲ್ಲ. ಮುಂದಿನ ತಿಂಗಳು ಎಂದರು. ಆಮೇಲೆ ಮನೆ ಬದಲಾಯಿಸಿದರು. ಆಮೇಲೆ ಹೆಣ್ಣುಮಗು ಹುಟ್ಟಿತು. ನಾವು ಮೂವತ್ತು ವರುಷ ಊರ ಸಹಕಾರಿ ಸಂಘದ ಲೆಕ್ಕ ಬರೆದವರು. ಭಾರತದ ಮೊದಮೊದಲ ಸಹಕಾರಿ ಸಂಘಗಳಲ್ಲೊಂದು ಹುಟ್ಟಿದ್ದು ೧೯೦೫ರಲ್ಲಿ, ನಮ್ಮ ತಾಲೂಕಿನ ಕಣಗಿನಹಾಳದಲ್ಲಿ. ಬೀಜದ ಸಾಲಕ್ಕೂ ಜಾಮೀನಿನ ಸಹಿ ಬೇಡುವ ಸೀಮೆ ಇದು. ಹೀಗಿದ್ದೂ ಸ್ವಂತ ಸೊಸೆಯಂತಿದ್ದ ಹುಡುಗಿಗೆ ‘ತಂಗಿ, ಕಾಗದ ಆಯಿತೇ?’ ಎಂದು ನಾವು ಒಮ್ಮೆಯೂ ಕೇಳಲಿಲ್ಲ.

೨೦೧೪ರ ಚಳಿಗಾಲದಲ್ಲಿ ಅವಳ ಯಜಮಾನನು ಒಂದು ರಾತ್ರಿ ಎದೆನೋವಿನಿಂದ ತೀರಿಕೊಂಡನು. ಮೂರು ದಿನಗಳಾದ ಮೇಲೆ ಅವಳು ದೂರವಾಣಿಯಲ್ಲಿ ಮಾತಾಡಿದಳು. ಅಳಲಿಲ್ಲ. ‘ಮಾಮಾ, ನನ್ನ ಅವರ ಹೆಂಡತಿ ಅಂತ ಇವರು ಬರಕೊಳ್ಳಲಿಲ್ಲ’ ಎಂದಷ್ಟೇ ಹೇಳಿದಳು.

ಅವನು ದುಡಿಯುತ್ತಿದ್ದ ಕಡೆಯಿಂದ ಬರತಕ್ಕ ಹಣಕ್ಕೆ ವಿವಾಹದ ಪ್ರಮಾಣಪತ್ರವನ್ನು ಕೇಳಿದರು. ಇವಳು ಲಗ್ನಪತ್ರಿಕೆಯನ್ನು ಇಂಗ್ಲೀಷಿಗೆ ಮಾಡಿಸಿ ಕಳಿಸಿದಳು; ಮುನ್ನೂರು ಚಿತ್ರಗಳಿದ್ದ ಪುಸ್ತಕವನ್ನು ಒಯ್ದು ತೋರಿಸಿದಳು. ಅವರು ಸೌಜನ್ಯದಿಂದಲೇ ನೋಡಿ, ಚೆಲುವಾಗಿವೆ ಎಂದು ಹೇಳಿ, ತಿರುಗಿ ಕೊಟ್ಟರು. ವಕೀಲರು ಹೇಳಿದ್ದು ಇಷ್ಟು: ಆ ದೇಶದ ಕಾಯ್ದೆಯ ಕಣ್ಣಿಗೆ ಅಂದು ನಡೆದದ್ದು ದೋಷವುಳ್ಳ ಲಗ್ನವೂ ಅಲ್ಲ, ಲಗ್ನವೇ ಅಲ್ಲ. ಮಗುವಿನ ಹುಟ್ಟಿನ ದಾಖಲೆಯಲ್ಲಿ ತಂದೆಯ ಹೆಸರನ್ನು ಇಬ್ಬರೂ ಕೂಡಿ ಬರೆಯಿಸಿದ್ದರಿಂದ ಮಗುವಿನ ಹಕ್ಕು ಉಳಿಯಿತು. ಹಣವು ಮಗುವಿನ ಹೆಸರಿನಲ್ಲಿ ನಿಂತಿತು. ತಾಯಿಯು ಕಾಗದದ ಮೇಲೆ ಮಗುವಿನ ತಾಯಿಯೆನಿಸಿದಳು, ಸತ್ತವನಿಗೆ ಏನೂ ಆಗಲಿಲ್ಲ. ಯಾರ ಮೇಲೂ ನಾವು ತಪ್ಪು ಹೊರಿಸುವದಿಲ್ಲ. ಕೇಳಿದವರು ಕೇಳಬೇಕಾದದ್ದನ್ನೇ ಕೇಳಿದರು. ನಮ್ಮಲ್ಲಿ ಕೊಡಲಿಕ್ಕೆ ಇರಲಿಲ್ಲ.

ಅವಳು ಮಗುವನ್ನು ಕಟ್ಟಿಕೊಂಡು ತಿರುಗಿ ಬಂದಳು. ಬಂದ ವಾರದಲ್ಲಿಯೇ ಅವಳ ಅತ್ತೆಯವರು ತಮ್ಮ ಊರಿನ ನಾಲ್ವರು ಹಿರಿಯರೊಡನೆ ನಮ್ಮ ಮನೆಗೆ ಬಂದರು. ಏನು ನುಡಿಯುವರೋ ಎಂದು ನಮಗೆ ಅಂಜಿಕೆ. ಆ ತಾಯಿಯು ಜಗುಲಿಯ ಮೇಲೆ ಕುಳಿತು ಮೊಮ್ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು, ‘ಕಾಗದ ಕೇಳಾವ್ರು ಕೇಳಲಿ. ನನ್ನ ಮಗನ ಮನಿ ಬೆಳಗಿದಾಕಿ ಈಕಿ. ಈಕಿ ನನ್ನ ಸೊಸಿ ಅಲ್ಲ ಅಂದ್ರ ನಾ ಯಾರಿಗೆ ಅತ್ತಿ?’ ಎಂದರು. ಮುಂದೆ ತಮ್ಮ ಹೆಸರಿನಲ್ಲಿದ್ದ ಮನೆಯನ್ನು ಸಬ್ ರಜಿಸ್ಟ್ರಾರರ ಕಚೇರಿಯಲ್ಲಿ ದಾನಪತ್ರ ಬರೆದು ಮೊಮ್ಮಗಳಿಗೆ ಕೊಟ್ಟರು. ‘ಇದರ ಕಾಗದ ಮಾತ್ರ ಗಟ್ಟಿ ಇರ್ಲಿ’ ಎಂದು ಅವರೇ ಹೇಳಿದರು. ಅಕ್ಷರ ಬಾರದ ಆ ತಾಯಿಗೆ ಇದ್ದ ತಿಳುವಳಿಕೆಯು ಲೆಕ್ಕ ಬರೆದ ನಮಗೆ ಇರಲಿಲ್ಲ.

ಹೆಂಡತಿಯೆಂಬ ಹೆಸರು ಪರದೇಶದಲ್ಲಿ ಹೀಗೆ ಅಳಿಸಿಹೋಗುವದು ಇಂದಿನ ಮಾತಷ್ಟೇ ಅಲ್ಲ. ೧೯೧೩ರ ಮಾರ್ಚಿಯಲ್ಲಿ ದಕ್ಷಿಣ ಆಫ್ರಿಕೆಯ ಕೇಪ್ ಪ್ರಾಂತದ ನ್ಯಾಯಮೂರ್ತಿ ಸರ್ಲರು, ಕ್ರೈಸ್ತ ವಿಧಿಯಿಂದ ನಡೆದು ಸರಕಾರದಲ್ಲಿ ನೋಂದಣಿಯಾಗದ ಲಗ್ನಗಳನ್ನು ಆ ದೇಶವು ಮನ್ನಿಸುವದಿಲ್ಲವೆಂದು ತೀರ್ಪು ಕೊಟ್ಟರು. ಅಲ್ಲಿದ್ದ ಹಿಂದೂ, ಮುಸಲ್ಮಾನ, ಪಾರಸೀ ಗೃಹಿಣಿಯರೆಲ್ಲರೂ ಒಂದೇ ದಿನದಲ್ಲಿ ಕಾಯ್ದೆಯ ಕಣ್ಣಿಗೆ ಹೆಂಡತಿಯರಲ್ಲವೆಂದಾಯಿತು. ಅಲ್ಲಿಯವರೆಗೆ ಹೊರಗೆ ಬಾರದ ಹೆಂಗಸರು ಆಗ ಗಾಂಧೀಜಿಯವರ ಸತ್ಯಾಗ್ರಹಕ್ಕೆ ಇಳಿದರು. ಕಸ್ತೂರಬಾ ಅವರು ಅದೇ ವರುಷ ಮೂರು ತಿಂಗಳ ಕಠಿಣ ಶಿಕ್ಷೆಯನ್ನು ಅನುಭವಿಸಿದರು. ವಳ್ಳಿಯಮ್ಮೆಯೆಂಬ ಹದಿನಾರು ವರುಷದ ಹುಡುಗಿಯು ಸೆರೆಮನೆಯಲ್ಲಿ ಜ್ವರ ಹಿಡಿದು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ೧೯೧೪ರ ಫೆಬ್ರುವರಿ ೨೨ರಂದು ತೀರಿಹೋದಳು. ೧೯೧೪ರ ಭಾರತೀಯರ ಪರಿಹಾರ ಕಾಯ್ದೆಯಿಂದ ಆ ಲಗ್ನಗಳಿಗೆ ಮನ್ನಣೆ ಬಂದಿತು. ಅವರು ಸೆರೆಮನೆಗೆ ಹೋಗಿ ಪಡೆದ ಹೆಸರನ್ನು ನಾವು ಒಂದು ದಿನದ ರಜೆ ಹಾಕುವ ಬೇಸರದಿಂದ ಕಳೆದುಕೊಂಡೆವಲ್ಲಾ ಎಂಬುದು ನಮಗೆ ಇಂದಿಗೂ ಚುಚ್ಚುವದು.

ಆಮೇಲೆ ನಾವು ಕಾಯ್ದೆಯ ಪುಸ್ತಕಗಳನ್ನು ತರಿಸಿ ಓದಿದೆವು. ಗದಗಿನ ವಕೀಲ ಮಿತ್ರರನ್ನು ಕೇಳಿದೆವು. ತಿಳಿದದ್ದನ್ನು ಸಂಸಾರಿಗರಿಗೆ ಉಪಯೋಗವಾಗುವಷ್ಟು ಇಲ್ಲಿ ಹೇಳುವೆವು.

ಮೊದಲನೆಯ ಮಾತು: ಲಗ್ನದ ವಿಧಿಯು ಸಿಂಧುವೋ ಅಲ್ಲವೋ ಎಂಬುದನ್ನು ಅದು ನಡೆದ ನೆಲದ ಕಾಯ್ದೆಯು ನೋಡುವದು. ಇಂಗ್ಲಂಡದಲ್ಲಿ ೧೯೪೯ರ ವಿವಾಹ ಕಾಯ್ದೆಯ ಪ್ರಕಾರ, ಮೊದಲು ನೋಂದಣಿ ಕಚೇರಿಗೆ ಹೋಗಿ ಲಗ್ನದ ಸೂಚನೆ ಕೊಡಬೇಕು. ಆ ಮೇಲೆ ಕಚೇರಿಯಲ್ಲಾಗಲಿ, ಲಗ್ನಕ್ಕಾಗಿ ಪರವಾನಿಗೆ ಪಡೆದ ಅಥವಾ ನೋಂದಣಿಯಾದ ಸ್ಥಳದಲ್ಲಾಗಲಿ, ಅಧಿಕಾರವುಳ್ಳವರ ಮತ್ತು ಇಬ್ಬರು ಸಾಕ್ಷಿಗಳ ಎದುರಿಗೆ ಅದು ನಡೆಯಬೇಕು. ಗುಡಿಯಾದರೂ ಹಾಗೆ ನೋಂದಣಿಯಾಗಿದ್ದರೆ ಅಲ್ಲಿಯ ಲಗ್ನವು ಸಿಂಧುವಾಗುವದು. ಇವೊಂದೂ ಇಲ್ಲದೆ ಬಾಡಿಗೆಯ ಸಭಾಗೃಹದಲ್ಲಿ ಎಷ್ಟು ಮಂತ್ರ ಹೇಳಿಸಿದರೂ ಕಾಯ್ದೆಗೆ ಕೇಳಿಸುವದಿಲ್ಲ. ೧೯೯೮ರಲ್ಲಿ ಲಂಡನ್ನಿನ ಒಂದು ಉಪಾಹಾರಗೃಹದಲ್ಲಿ ನಿಕಾಹ ಮಾಡಿಕೊಂಡು ಬಹು ವರುಷ ಸಂಸಾರ ಮಾಡಿದ ದಂಪತಿಗಳ ಪ್ರಕರಣದಲ್ಲಿ ೨೦೨೦ರಲ್ಲಿ ಅಲ್ಲಿಯ ಮೇಲ್ಮನವಿಯ ನ್ಯಾಯಾಲಯವು ಇದನ್ನೇ ನಿಶ್ಚಯಿಸಿತು. ಆ ವರದಿಯನ್ನು ಓದಿದ ದಿನ ನಮ್ಮ ತಂಗಿಯ ಮಗಳು ಅದನ್ನು ನಮ್ಮ ಕೈಯಿಂದ ತೆಗೆದುಕೊಂಡು ಎರಡು ಸಲ ಓದಿ, ಏನೂ ಅನ್ನದೆ ಒಳಗೆ ಹೋದಳು.

ಎರಡನೆಯದು ನಮ್ಮ ದೇಶದ ಏರ್ಪಾಡು. ಕಾನೂನು ಆಯೋಗವು ೧೯೬೨ರಲ್ಲಿ ಕೊಟ್ಟ ವರದಿಯ ತರುವಾಯ ೧೯೬೯ರಲ್ಲಿ ವಿದೇಶ ವಿವಾಹ ಕಾಯ್ದೆಯೆಂಬುದು ಆಯಿತು. ವಧೂವರರಲ್ಲಿ ಒಬ್ಬರಾದರೂ ಭಾರತದ ಪ್ರಜೆಯಾಗಿದ್ದರೆ, ಹೊರದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯ ವಿವಾಹಾಧಿಕಾರಿಯ ಎದುರಿಗೆ ಲಗ್ನವಾಗಲು ಈ ಕಾಯ್ದೆಯು ಅವಕಾಶ ಕೊಡುವದು. ವರನಿಗೆ ೨೧, ವಧುವಿಗೆ ೧೮ ತುಂಬಿರಬೇಕು. ಇಬ್ಬರಿಗೂ ಜೀವಂತ ಗಂಡನಾಗಲಿ ಹೆಂಡತಿಯಾಗಲಿ ಇರಬಾರದು. ಒಬ್ಬರಾದರೂ ಆ ಅಧಿಕಾರಿಯ ಸೀಮೆಯಲ್ಲಿ ೩೦ ದಿನ ವಾಸಮಾಡಿರಬೇಕು. ಸೂಚನೆಯನ್ನು ಪ್ರಕಟಿಸಿ, ತಕರಾರು ಮಾಡುವವರಿಗೆ ೩೦ ದಿನ ಕೊಟ್ಟು, ಮೂವರು ಸಾಕ್ಷಿಗಳ ಎದುರಿಗೆ ಲಗ್ನ ಮಾಡಿಸಿ ಪ್ರಮಾಣಪತ್ರವನ್ನು ಕೊಡುವರು. ಸೂಚನೆ ಕೊಟ್ಟ ಆರು ತಿಂಗಳೊಳಗೆ ಲಗ್ನವಾಗದಿದ್ದರೆ ಅದನ್ನು ಹೊಸದಾಗಿ ಕೊಡಬೇಕು. ಆ ದೇಶದ ಕಾಯ್ದೆಯು ನಿಷೇಧಿಸಿದ ಲಗ್ನವನ್ನು ಮಾಡಿಸಲು ಅಧಿಕಾರಿಯು ನಿರಾಕರಿಸಬಹುದು. ಇದಲ್ಲದೆ, ಆಯಾ ದೇಶದ ಕಾಯ್ದೆಯಂತೆ ಮೊದಲೇ ಸರಿಯಾಗಿ ನಡೆದ ಲಗ್ನವನ್ನು ಇದೇ ಅಧಿಕಾರಿಯಲ್ಲಿ ನೋಂದಣಿ ಮಾಡಿಸಲಿಕ್ಕೂ ಈ ಕಾಯ್ದೆಯ ಹದಿನೇಳನೆಯ ಕಲಮಿನಲ್ಲಿ ದಾರಿಯುಂಟು.

ನಮ್ಮ ಮಗನ ಮಗಳು ಓದಲಿಕ್ಕೆಂದು ಇಂಗ್ಲಂಡಕ್ಕೆ ಹೋಗಿ ಅಲ್ಲಿಯೇ ಕೆಲಸ ಹಿಡಿದು, ೨೦೨೩ರಲ್ಲಿ ಲಗ್ನದ ಮಾತು ಎತ್ತಿದಾಗ, ನಾವು ಹುಡುಗನ ಕುಲಗೋತ್ರವನ್ನು ಕೇಳುವ ಮೊದಲು ‘ಯಾವ ಕಚೇರಿ?’ ಎಂದು ಕೇಳಿದೆವು. ಅವಳು ನಕ್ಕಳು, ಅವಳ ಅತ್ತೆಯಾಗಬೇಕಾದ ನಮ್ಮ ತಂಗಿಯ ಮಗಳು ನಗಲಿಲ್ಲ. ಪ್ರತಿಯೊಂದು ಕಾಗದವನ್ನೂ ಕೂಡಿಸಿದವಳು ಅವಳೇ. ಲಗ್ನದ ಸೂಚನೆ ಕೊಟ್ಟ ಮೇಲೆ ಅಲ್ಲಿ ಈಗ ೨೮ ದಿನ ಕಾಯಬೇಕು. ಪರದೇಶದವರ ವಿಷಯದಲ್ಲಿ ಅದನ್ನು ೭೦ ದಿನಗಳವರೆಗೂ ಬೆಳೆಸಬಹುದು. ಆದುದರಿಂದ ನಾವು ಮುಹೂರ್ತವನ್ನು ಕಚೇರಿಯ ದಿನಕ್ಕೆ ಹೊಂದಿಸಿದೆವೇ ಹೊರತು ಕಚೇರಿಯನ್ನು ಮುಹೂರ್ತಕ್ಕೆ ಹೊಂದಿಸಲಿಲ್ಲ.

ಇಲ್ಲಿ ಹೆಸರಿನ ಗೋಳು ಒಂದು ಬಂದಿತು. ನಮ್ಮ ಕಡೆಯ ಅನೇಕರಂತೆ ನಮಗೂ ಊರ ಹೆಸರೇ ಅಡ್ಡಹೆಸರು. ಇಂಗ್ಲೀಷಿನಲ್ಲಿ ‘ಳ’ಕಾರವಿಲ್ಲ. ಹಿರೇ ಎಂಬುದನ್ನು ಶಾಲೆಯ ದಾಖಲೆಯಲ್ಲಿ ಬಿಡಿಸಿ, ಪಾಸಪೋರ್ಟಿನಲ್ಲಿ ಕೂಡಿಸಿ, ಪದವಿಯ ಪತ್ರದಲ್ಲಿ ಒಂದು ಅಕ್ಷರ ಹೆಚ್ಚು ಹಾಕಿ ಬರೆದಿದ್ದರು. ನಮ್ಮ ಊರಿನಲ್ಲಿ ಮೂರು ಬಗೆಯಾಗಿ ಬರೆದರೂ ಆಳು ಒಬ್ಬಳೇ. ಪರದೇಶದ ಕಚೇರಿಯಲ್ಲಿ ಮೂರು ಬಗೆಯಾಗಿ ಬರೆದರೆ ಮೂವರು ಹೆಂಗಸರು. ಲಗ್ನದ ದಾಖಲೆಯಲ್ಲಿ ಪಾಸಪೋರ್ಟಿನಲ್ಲಿದ್ದಂತೆಯೇ ಅಕ್ಷರಕ್ಕೆ ಅಕ್ಷರ ಬರೆಯಿಸಿದೆವು. ಸಹಿ ಮಾಡುವ ಮೊದಲು ನಿಧಾನವಾಗಿ ಓದುವದು ಲಗ್ನದ ದಿನದ ಗಡಿಬಿಡಿಯಲ್ಲಿ ಕಷ್ಟ. ಆದರೆ ಆಮೇಲೆ ತಿದ್ದಿಸುವದು ಅದಕ್ಕಿಂತ ಹತ್ತು ಪಾಲು ಕಷ್ಟ.

ಆ ದಾಖಲೆಯಲ್ಲಿ ಒಂದು ಸಂತೋಷದ ಸಂಗತಿಯೂ ಇತ್ತು. ಇಂಗ್ಲಂಡದಲ್ಲಿ ಬಹುಕಾಲ ವಧೂವರರ ತಂದೆಗಳ ಹೆಸರನ್ನಷ್ಟೇ ಬರೆಯುತ್ತಿದ್ದರು. ೨೦೨೧ರ ಮೇ ೪ರಿಂದ ತಾಯಂದಿರ ಹೆಸರನ್ನೂ ಬರೆಯುವರು. ನಮ್ಮ ಸೊಸೆಯು ತನ್ನ ಹೆಸರನ್ನು ಆ ಕಾಗದದಲ್ಲಿ ಕಂಡು, ಬೆರಳಿನಿಂದ ಮುಟ್ಟಿ ನೋಡಿದಳು. ನಮ್ಮ ಆಯೇರಿನ ವಹಿಯಲ್ಲಿ ಹೆಂಗಸರ ಹೆಸರುಗಳು ಎಷ್ಟಿರುವವೆಂದು ನಾವು ಆ ರಾತ್ರಿ ಎಣಿಸಿದೆವು. ನಾಲ್ಕು ಇದ್ದವು.

ಕಚೇರಿಯ ಲಗ್ನದಲ್ಲಿ ಅಲ್ಲಿಯ ಕಾಯ್ದೆಯಂತೆ ಧಾರ್ಮಿಕ ವಿಧಿಯನ್ನು ನಡೆಯಿಸುವಂತಿಲ್ಲ. ಅದು ಅರ್ಧ ತಾಸಿನಲ್ಲಿ ಮುಗಿಯಿತು. ಅಲ್ಲಿಂದ ಹುಡುಗರು ಥೇಮ್ಸ್ ನದಿಯ ದಂಡೆಯ ಲ್ಯಾಂಬೆತ್ತಿಗೆ ಹೋಗಿ, ೨೦೧೫ರ ನವೆಂಬರದಲ್ಲಿ ಅಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಗೆ ನಮಸ್ಕರಿಸಿದರು. ಮರುದಿನ ತಾಳಿ, ಅಕ್ಕಿಕಾಳು, ಊಟ ಎಲ್ಲವೂ ಆಯಿತು. ಮುಂದೆ ಪ್ರಮಾಣಪತ್ರದ ಪ್ರತಿಗಳನ್ನು ತೆಗೆಯಿಸಿ, ಒಂದಕ್ಕೆ ಆ ಸರಕಾರದ ವಿದೇಶಾಂಗ ಕಚೇರಿಯಿಂದ ಅಪೊಸ್ಟಿಲ್ ಎಂಬ ದೃಢೀಕರಣವನ್ನು ಹಾಕಿಸಿದರು. ಒಂದು ದೇಶದ ಸರಕಾರಿ ಕಾಗದವನ್ನು ಇನ್ನೊಂದು ದೇಶವು ಹೆಚ್ಚಿನ ಮುದ್ರೆಗಳಿಲ್ಲದೆ ನಂಬಲೆಂದು ೧೯೬೧ರಲ್ಲಿ ಹೇಗ್ ನಗರದಲ್ಲಿ ಆದ ಒಪ್ಪಂದದ ಫಲ ಇದು. ನಮ್ಮ ದೇಶದಲ್ಲಿ ಅದು ೨೦೦೫ರ ಜುಲೈ ೧೪ರಿಂದ ಜಾರಿಯಲ್ಲಿರುವದು. ಒಪ್ಪಂದಕ್ಕೆ ಸೇರದ ದೇಶಗಳ ಕಾಗದಗಳಿಗಾದರೆ ಆಯಾ ರಾಯಭಾರ ಕಚೇರಿಯ ಮುದ್ರೆಯೇ ಬೇಕು.

ಇನ್ನು ಹಿರಿಯರಿಗೆ ಒಂದು ಎಚ್ಚರಿಕೆ. ಮಕ್ಕಳು ಹೊರದೇಶದಲ್ಲಿ ಕಾಯ್ದೆಯ ಲಗ್ನ ಮಾಡಿಕೊಂಡು ಬಂದ ಮೇಲೆ ನಾವು ಊರಿನಲ್ಲಿ ಹಂದರ ಹಾಕಿ ಮತ್ತೆ ಅಕ್ಕಿಕಾಳು ಹಾಕುವೆವು. ಅದು ಯೋಗ್ಯವೇ, ಊರಿನವರ ಹರಕೆ ಬೇಕು. ಆದರೆ ಆ ಎರಡನೆಯ ದಿನವನ್ನೇ ಲಗ್ನದ ದಿನವೆಂದು ಇಲ್ಲಿಯ ಕಚೇರಿಯಲ್ಲಿ ಹೊಸದಾಗಿ ಬರೆಯಿಸಿದರೆ, ಇಬ್ಬರಿಗೇ ಎರಡು ಲಗ್ನ, ಎರಡು ತಾರೀಖು ಆಗುವವು. ಮುಂದೆ ವೀಸಾಕ್ಕಾಗಲಿ, ಮಗುವಿನ ದಾಖಲೆಗಾಗಲಿ, ವಾರಸಾ ಹಕ್ಕಿಗಾಗಲಿ ಯಾವ ಕಾಗದ ನಿಜವೆಂದು ಕೇಳುವರು. ಮೊದಲಿನ ಲಗ್ನವನ್ನು ಮುಚ್ಚಿಟ್ಟು ಅವಿವಾಹಿತರೆಂದು ಬರೆದುಕೊಡುವದು ಸುಳ್ಳು ಹೇಳಿಕೆಯೂ ಆಗುವದು. ಹಬ್ಬ ಎರಡು ಸಲ ಆಗಲಿ. ತಾರೀಖು ಮಾತ್ರ ಒಂದೇ ಇರಲಿ.

ಹಾಗಾದರೆ ಕಾಗದವೇ ಲಗ್ನವೇ ಎಂದು ನಮ್ಮ ಮನೆಯವರು ಒಮ್ಮೆ ಕೇಳಿದರು. ಪ್ರಶ್ನೆ ಸಣ್ಣದಲ್ಲ. ೨೦೨೪ರ ಏಪ್ರಿಲಿನಲ್ಲಿ ಸುಪ್ರೀಮ್ ಕೋರ್ಟು ವಿಮಾನ ಚಾಲಕರಾದ ಇಬ್ಬರು ತರುಣರ ಪ್ರಕರಣದಲ್ಲಿ ಇದಕ್ಕೆ ಉತ್ತರ ಹೇಳಿತು. ಅವರು ಯಾವ ಶಾಸ್ತ್ರವನ್ನೂ ಮಾಡದೆ ಮುಂಚಿತವಾಗಿಯೇ ಪ್ರಮಾಣಪತ್ರ ಮಾಡಿಸಿಕೊಂಡು, ಆಮೇಲೆ ಮನಸ್ತಾಪವಾಗಿ ಬೇರೆಯಾಗಿದ್ದರು. ಹಿಂದೂ ವಿವಾಹ ಕಾಯ್ದೆಯಂತೆ ವಿಧಿಯು ನಡೆಯದ ಕಡೆ ನೋಂದಣಿಯ ಕಾಗದವೊಂದರಿಂದಲೇ ಲಗ್ನವಾಗದೆಂದು ನ್ಯಾಯಾಲಯವು ನಿರ್ಣಯಿಸಿತು. ನಮ್ಮ ತಂಗಿಯ ಮಗಳಿಗೆ ಪರದೇಶದಲ್ಲಿ ಶಾಸ್ತ್ರವಿದ್ದು ಕಾಗದವಿರಲಿಲ್ಲ; ಇವರಿಗೆ ಸ್ವದೇಶದಲ್ಲಿ ಕಾಗದವಿದ್ದು ಶಾಸ್ತ್ರವಿರಲಿಲ್ಲ. ಎರಡರಲ್ಲೊಂದನ್ನು ಬಿಟ್ಟವರು ಇಬ್ಬರೂ ಬರಿಗೈಯಾದರು.

ನಮಗೆ ತಿಳಿದದ್ದು ಇಷ್ಟೇ. ಲಗ್ನಕ್ಕೆ ಸಾಕ್ಷಿ ಬೇಕು. ಊರಿನಲ್ಲಿ ಊರೇ ಸಾಕ್ಷಿ. ಸತ್ತರೂ ಇದ್ದರೂ ಅದು ಬಾಯಿಬಿಟ್ಟು ಹೇಳುವದು. ಪರಊರಿನಲ್ಲಿ ನಮ್ಮನ್ನು ಬಲ್ಲವರಿಲ್ಲ. ಅಲ್ಲಿ ಆ ಕಾಗದವೇ ನಮ್ಮ ಊರು. ಅದನ್ನು ಮಾಡಿಸುವದು ಮಕ್ಕಳ ಪ್ರೀತಿಯ ಮೇಲೆ ಅಪನಂಬಿಕೆಯಲ್ಲ. ಮಗಳಿಗೆ ಉಡಿ ತುಂಬಿ ಕಳಿಸುವಂಥದೇ ಒಂದು ಕರ್ತವ್ಯ. ಹೊರದೇಶದ ಬೀಗತನಕ್ಕೆ ಕೈಹಾಕುವ ತಂದೆತಾಯಿಗಳು ಬಂಗಾರ ಎಷ್ಟು ತೊಲೆಯೆಂದು ಕೇಳುವದನ್ನು ಬಿಟ್ಟು, ಯಾವ ಕಚೇರಿ, ಯಾವ ತಾರೀಖು, ಸಾಕ್ಷಿಗಳು ಯಾರು, ಪ್ರತಿ ಎಲ್ಲಿದೆ ಎಂಬ ನಾಲ್ಕು ಮಾತುಗಳನ್ನು ಕೇಳಲಿ.

ಮೊಮ್ಮಗಳ ಪ್ರಮಾಣಪತ್ರದ ಒಂದು ಪ್ರತಿಯು ಈಗ ನಮ್ಮ ಟ್ರಂಕಿನಲ್ಲಿ ಆಯೇರಿನ ವಹಿಯ ಸಂಗಡ ಅದೇ ಕೆಂಪು ಅರಿವೆಯಲ್ಲಿ ಇರುವದು. ಅದನ್ನು ಕಟ್ಟಿಟ್ಟವಳು ನಮ್ಮ ತಂಗಿಯ ಮಗಳೇ. ಗಂಟು ಹಾಕುವಾಗ ಅವಳು ತನ್ನ ಲಗ್ನಪತ್ರಿಕೆಯನ್ನೂ ತಂದು ಅದರೊಳಗೆ ಇಟ್ಟಳು. ಯಾವ ಕಚೇರಿಗೂ ಅದು ಬೇಕಾಗಲಿಲ್ಲ. ನಮ್ಮ ಮನೆಗೆ ಬೇಕು.